ಏಳು ದುರ್ಗಗಳ ನಾಡಿಗೆ ಹೊರಡುವ ಮುನ್ನ

ರುಮಾನಿಯ ದೇಶವು 2025ರ ಜನವರಿ 1ರಂದು ಯೂರೋಪಿನ ಷೆಂಗೆನ್ ವಲಯವನ್ನು ಪೂರ್ಣವಾಗಿ ಸೇರಿತು. ಹಂಗೆರಿಯ ಕಡೆಯಿಂದ ಬರುವ ಮೋಟಾರುಗಳು ಗಡಿಯಲ್ಲಿ ಸಾಲುಗಟ್ಟಿ ನಿಲ್ಲುವ ಕಾಲ ಮುಗಿಯಿತು. ನಮ್ಮ ದೇಶದಿಂದ ಹೋಗುವವನಿಗೂ ಇಡೀ ವಲಯಕ್ಕೆ ಒಂದೇ ವೀಸಾ ಸಾಕು. ಇದು ವ್ಯಾಪಾರಕ್ಕೂ ರಾಜಕಾರಣಕ್ಕೂ ಸಂಬಂಧಿಸಿದ ಸುದ್ದಿಯೆಂಬುದು ನಿಜ. ಆದರೆ ಇಬ್ಬರು ಮಿತ್ರರೊಡನೆ ಆ ದೇಶದ ಟ್ರಾನ್ಸಿಲ್ವೇನಿಯದ ಹಳ್ಳಿಗಳನ್ನು ಮೋಟಾರಿನಲ್ಲಿ ಸುತ್ತಿಬರಲು ಯೋಜನೆ ಹಾಕುತ್ತಿರುವ ನನಗೆ ಅದರಲ್ಲಿ ಬೇರೊಂದು ಪ್ರಶ್ನೆ ಕಂಡಿತು. ತೆರೆದ ಗಡಿ ಇಂದು ನನ್ನನ್ನು ಯಾವ ಹಳ್ಳಿಗಳಿಗೆ ಕರೆಯುತ್ತಿದೆಯೋ, ಅವೇ ಹಳ್ಳಿಗಳು 1990ರಲ್ಲಿ ಗಡಿ ತೆರೆದುದರಿಂದಲೇ ಬರಿದಾದುವು. ಹೀಗಿರಲು ಅಲ್ಲಿಗೆ ಹೋಗುವ ಪ್ರವಾಸಿಯ ಹೊಣೆ ಯಾವುದು?

ಟ್ರಾನ್ಸಿಲ್ವೇನಿಯ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಬ್ರಾಮ್ ಸ್ಟೋಕರನ 1897ರ ಕಾದಂಬರಿಯ ಡ್ರಾಕುಲಾ. ಸ್ಟೋಕರನಾದರೋ ಆ ನಾಡಿಗೆ ಕಾಲಿಟ್ಟವನೇ ಅಲ್ಲ. ಹೆಸರಿನ ಅರ್ಥ 'ಕಾಡಿನಾಚೆಯ ನಾಡು' ಎಂದು. ಜರ್ಮನರು ಅದನ್ನು ಕರೆದುದು ಜೀಬೆನ್‌ಬ್ಯುರ್ಗೆನ್, ಅಂದರೆ 'ಏಳು ದುರ್ಗಗಳು' ಎಂದು. ಹನ್ನೆರಡನೆಯ ಶತಮಾನದ ನಡುವೆ ಹಂಗೆರಿಯ ಅರಸ ಎರಡನೆಯ ಗೇಜಾ ಗಡಿಯನ್ನು ಕಾಯುವುದಕ್ಕೂ ನೆಲವನ್ನು ಸಾಗುಮಾಡುವುದಕ್ಕೂ ಪಶ್ಚಿಮದಿಂದ ಜರ್ಮನ್ ಒಕ್ಕಲುಗಳನ್ನು ಕರೆಸಿ ನೆಲೆಗೊಳಿಸಿದನು. ಇವರಿಗೆ ಸ್ಯಾಕ್ಸನರೆಂಬ ಹೆಸರು ನಿಂತಿತು. 1224ರಲ್ಲಿ ಇವರಿಗೆ ಸ್ವಯಮಾಡಳಿತದ ಸನ್ನದು ದೊರೆಯಿತು. 1241ರಲ್ಲಿ ಮಂಗೋಲರೂ ಮುಂದಿನ ಶತಮಾನಗಳಲ್ಲಿ ಆಟೊಮನ್ ತುರ್ಕರೂ ದಾಳಿಯಿಟ್ಟಾಗ ಊರವರು ತಮ್ಮ ಇಗರ್ಜಿಯ ಸುತ್ತ ಗೋಡೆಯೆಬ್ಬಿಸಿ ಅದನ್ನೇ ಕೋಟೆಯಾಗಿ ಮಾಡಿಕೊಂಡರು. ಪ್ರೆಷ್ಮೆರ್ ಹಳ್ಳಿಯ ಕೋಟೆಗೋಡೆಯ ಒಳಮೈಗೆ ಜೇನುಗೂಡಿನಂತೆ ಅಂಟಿಕೊಂಡಿರುವ ಕೋಣೆಗಳು 270ಕ್ಕೂ ಹೆಚ್ಚು; ಒಂದೊಂದು ಮನೆತನಕ್ಕೆ ಒಂದೊಂದು, ಕಾಳಿಗೂ ಮಕ್ಕಳಿಗೂ ಆಶ್ರಯ. ಬಿಯರ್ತಾನಿನ ಇಗರ್ಜಿಯಲ್ಲಿ ಒಂದೇ ಕೀಲಿಯಿಂದ ಹಲವು ಅಗುಳಿಗಳನ್ನು ಒಮ್ಮೆಗೇ ಜಾರಿಸುವ ಬಾಗಿಲುಂಟು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದರ ಬೀಗ ಜನರನ್ನು ಬೆರಗುಗೊಳಿಸಿತಂತೆ.

ಅಷ್ಟೊಂದು ಅಗುಳಿಗಳು ಶತ್ರುವನ್ನು ತಡೆದುವು. ಇಪ್ಪತ್ತನೆಯ ಶತಮಾನವನ್ನು ತಡೆಯಲಿಲ್ಲ. 1945ರ ಜನವರಿಯಲ್ಲಿ ದುಡಿಯಬಲ್ಲ ಜರ್ಮನ್ ಗಂಡಸರನ್ನೂ ಹೆಂಗಸರನ್ನೂ ಸೋವಿಯೆತ್ ಒಕ್ಕೂಟಕ್ಕೆ ಕೂಲಿಗಾಗಿ ಸಾಗಿಸಲಾಯಿತು. ಮುಂದೆ ಚೌಶೆಸ್ಕುವಿನ ಸರಕಾರ ತಲೆಗೆ ಇಷ್ಟೆಂದು ಪಶ್ಚಿಮ ಜರ್ಮನಿಯಿಂದ ಹಣ ಪಡೆದು ತನ್ನ ಪ್ರಜೆಗಳನ್ನು ಬಿಟ್ಟುಕೊಟ್ಟಿತು. 1988ರಲ್ಲಿ ಅದೇ ಸರಕಾರ ದೇಶದ ಸುಮಾರು 13,000 ಹಳ್ಳಿಗಳಲ್ಲಿ ಅರ್ಧಕ್ಕರ್ಧವನ್ನು ಅಳಿಸಿಹಾಕುವ ಯೋಜನೆಯನ್ನು ಸಾರಿತು. 1989ರ ಡಿಸೆಂಬರಿನಲ್ಲಿ ಸರಕಾರ ಉರುಳಿತು, ಹಳ್ಳಿಗಳು ಉಳಿದುವು. ಆದರೆ ಮರುವರ್ಷ ಒಂದರಲ್ಲೇ ಒಂದು ಲಕ್ಷಕ್ಕೂ ಮಿಕ್ಕ ಜರ್ಮನರು ಮನೆಗೆ ಬೀಗ ಹಾಕಿ ದೇಶವನ್ನು ಬಿಟ್ಟರು. 1930ರ ಗಣತಿಯಲ್ಲಿ ರುಮಾನಿಯದ ಜರ್ಮನರು 7 ಲಕ್ಷ 45 ಸಾವಿರ. 2021ರ ಗಣತಿಯಲ್ಲಿ ಸುಮಾರು 23 ಸಾವಿರ. ಎಂಟು ಶತಮಾನಗಳ ಒಕ್ಕಲು ಒಂದು ತಲೆಮಾರಿನೊಳಗೆ ಎದ್ದುಹೋಯಿತು.

ಕಟ್ಟಿದವರು ಹೋದ ಮೇಲೆ ಕಟ್ಟಡವನ್ನು ಕಾಯುವವರಾರು? ಏಳು ಹಳ್ಳಿಗಳ ಕೋಟೆ-ಇಗರ್ಜಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ, ಅವಕ್ಕೆ ಭಯವಿಲ್ಲ. ಉಳಿದುವು ನೂರಕ್ಕೂ ಹೆಚ್ಚು. 2016ರ ಫೆಬ್ರವರಿಯಲ್ಲಿ ಒಂದೇ ವಾರದೊಳಗೆ ರೋಅದೇಶ್ ಮತ್ತು ರೋಟ್‌ಬಾವ್ ಎಂಬ ಎರಡು ಹಳ್ಳಿಗಳ ಗೋಪುರಗಳು ಕುಸಿದುಬಿದ್ದುವು. ಹಂಚು ಸರಿದಲ್ಲಿ ಸೇರಿಸುವ ಕೈಯಿಲ್ಲದಿದ್ದರೆ ಕಲ್ಲಾದರೂ ಎಷ್ಟು ಕಾಲ ನಿಂತೀತು?

ಹಾಗೆಂದು ಈ ಊರುಗಳನ್ನು ನಿರ್ಜನವೆಂದು ವರ್ಣಿಸುವುದು ಅನ್ಯಾಯ. ಅಲ್ಲಿ ರುಮಾನಿಯನರಿದ್ದಾರೆ, ರೋಮಾ ಜನರಿದ್ದಾರೆ. ಈ ರೋಮಾ ಜನರ ಭಾಷೆಯ ಬೇರು ನಮ್ಮ ದೇಶದ್ದು. ನೀರಿಗೆ 'ಪಾನಿ', ಮನುಷ್ಯನಿಗೆ 'ಮನುಷ್', ಮೂರಕ್ಕೆ 'ತ್ರಿನ್' ಎನ್ನುವ ಆ ಮಾತನ್ನು ಭಾಷೆಯ ವಿದ್ಯಾರ್ಥಿ ಕೇಳಿದರೆ ಪುಲಕಿತನಾಗದಿರಲಾರ. ಬೀಗದ ಕತೆಗೆ ಮರುಳಾಗುವ ಪ್ರವಾಸಿ ಇವರನ್ನು ಕಾಣದೆ ಮುಂದೆ ಸಾಗುವುದುಂಟು. ವಿಸ್ಕ್ರಿ ಹಳ್ಳಿಯ ಹೆಂಗಸರು ಉಣ್ಣೆಯ ಕಾಲುಚೀಲ ಹೆಣೆದು ಮಾರುತ್ತಾರೆ. ಆ ಊರಿನ ಇಂದಿನ ಬಾಳು ಕೋಟೆಯಲ್ಲಿರುವಷ್ಟೇ ಆ ಕಾಲುಚೀಲದಲ್ಲಿಯೂ ಇದೆ.

ಈ ವಿಚಾರಗಳಿಂದ ನನ್ನ ಯೋಜನೆಯೇ ಬದಲಾಯಿತು. ಬ್ರಾಶೋವಿನಿಂದ ಸಿಬಿಯುವಿಗೆ ನೇರವಾದ ಹೆದ್ದಾರಿಯುಂಟು. ಅರ್ಧ ದಿನವೂ ಬೇಡ. ನಾವು ಅದನ್ನು ಬಿಟ್ಟು ಪ್ರೆಷ್ಮೆರ್, ವಿಸ್ಕ್ರಿ, ಸಿಗಿಶೋವಾರ, ಬಿಯರ್ತಾನ್ ಎಂಬ ಸುತ್ತುದಾರಿಯನ್ನು ಆರಿಸಿಕೊಂಡಿದ್ದೇವೆ, ಆರು ದಿನಗಳನ್ನಿಟ್ಟಿದ್ದೇವೆ. ಅಲ್ಲಿ ಬಂಡಿ ನಡೆಸುವುದು ರಸ್ತೆಯ ಬಲಬದಿಯಲ್ಲಿ. ರಾಷ್ಟ್ರೀಯ ರಸ್ತೆಗಳಿಗೆ 'ರೊವಿನಿಯೇತ' ಎಂಬ ತೆರಿಗೆ ಸಂದಿರಬೇಕು. ಒಳದಾರಿಗಳಲ್ಲಿ ಕುದುರೆಗಾಡಿಗಳೂ ಸಂಜೆ ಮನೆಗೆ ಮರಳುವ ದನಗಳೂ ಎದುರಾಗುವುದರಿಂದ ಹೊತ್ತು ಮುಳುಗುವ ಮೊದಲೇ ಊರು ಸೇರುವುದು ಲೇಸು. ಫಗರಾಷ್ ಪರ್ವತದ ಮೇಲೆ 2,042 ಮೀಟರ್ ಎತ್ತರಕ್ಕೇರುವ ಪ್ರಸಿದ್ಧ ರಸ್ತೆಯನ್ನು ಕೈಬಿಟ್ಟಿದ್ದೇವೆ. ಒಂದೊಂದು ಊರಿನಲ್ಲಿ ಒಂದು ರಾತ್ರಿಯಾದರೂ ತಂಗಿ, ಊರವರ ಮನೆಯಲ್ಲೇ ಉಂಡು, ಪಟ್ಟಿಯಲ್ಲಿಲ್ಲದ ಒಂದು ಇಗರ್ಜಿಯನ್ನಾದರೂ ಕೀಲಿ ಕೇಳಿ ತೆರೆಯಿಸಿ ನೋಡಬೇಕೆಂಬುದು ಸಂಕಲ್ಪ.

ಪ್ರವಾಸಿಗಳು ಹೆಚ್ಚಿದರೆ ಹಳ್ಳಿ ವಸ್ತುಸಂಗ್ರಹಾಲಯವಾಗುವುದೆಂದು ಕೆಲವರು ಹೇಳುವರು. ಈ ಆಕ್ಷೇಪದಲ್ಲಿ ಸತ್ಯವಿದೆ. ಮನೆಗಳ ಬೆಲೆ ಏರಿ ಊರಿನ ಮಕ್ಕಳೇ ಹೊರಗಾಗುವ ಅಪಾಯವೂ ಇದೆ. ಆದರೆ ಯಾರೂ ಬಾರದ ರೋಅದೇಶಿನಂಥ ಹಳ್ಳಿಯಲ್ಲಿ ಗೋಪುರ ಬೀಳುವುದನ್ನು ಕಂಡಿದ್ದೇವೆ. ಬರುವವರ ಸಂಖ್ಯೆಗಿಂತ ಅವರು ನಿಲ್ಲುವ ಕಾಲ ಮುಖ್ಯವೆಂದು ನನಗೆ ತೋರುತ್ತದೆ. ಅರ್ಧ ಗಂಟೆಗೆ ಚಿತ್ರ ತೆಗೆದುಕೊಂಡು ಹೊರಡುವ ನೂರು ಮೋಟಾರುಗಳಿಂದ ಊರಿಗೆ ದಕ್ಕುವುದು ಧೂಳು. ಒಂದು ರಾತ್ರಿ ತಂಗುವ ಹತ್ತು ಜನ ಇದ್ದರೆ, ಕೀಲಿಯನ್ನು ಕಾಯುವುದಕ್ಕೆ ಆ ಊರಿನಲ್ಲೇ ಒಬ್ಬ ಯುವಕ ನಿಲ್ಲಬಹುದು.