ಗಿಟಾರಿನ ಮೇಲಿನ ಸಹಿಗೆ ದುಡ್ಡು ಸುರಿಯಬೇಡಿ

ನೇರವಾಗಿಯೇ ಹೇಳಿಬಿಡುತ್ತೇವೆ. ದೊಡ್ಡ ಕಲಾವಿದರ ಸಹಿ ಇದೆ ಎಂಬ ಒಂದೇ ಕಾರಣಕ್ಕೆ ಎಲೆಕ್ಟ್ರಿಕ್ ಗಿಟಾರಿಗೆ ಸಾಲ ಮಾಡುವುದು, ಕಂತು ಕಟ್ಟುವುದು, ಅಪ್ಪನ ಅಡಿಕೆ ದುಡ್ಡಿಗೆ ಕೈ ಹಾಕುವುದು ದಂಡ. ಆ ಸಹಿಯಿಂದ ಒಂದು ಸ್ವರವೂ ಹೆಚ್ಚಿಗೆ ಹೊರಡುವುದಿಲ್ಲ.

ಹಳ್ಳಿಯವರಿಗೆ ಈ ಮಾತು ಯಾಕೆ ಅನ್ನಬೇಡಿ. ಜಾತ್ರೆಯ ರಸಮಂಜರಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಚರ್ಚಿನ ಹಾಡಿನ ತಂಡ, ಕಾಲೇಜಿನ ಬ್ಯಾಂಡು ಎಂದು ಗಿಟಾರ್ ನಮ್ಮೂರುಗಳಿಗೆ ಬಂದು ಬಹಳ ಕಾಲವಾಯಿತು. ಈಗ ಫೋನಿನಲ್ಲಿ ವಿಡಿಯೊ ನೋಡಿಯೇ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಪಾಠ ಮುಗಿಯುವ ಮೊದಲೇ ಜಾಹೀರಾತು ಶುರುವಾಗುತ್ತದೆ. ಆ ಹೀರೊ ನುಡಿಸುವಂಥದ್ದೇ ಗಿಟಾರ್ ನಿಮ್ಮ ಕೈಗೂ ಬರುತ್ತದಂತೆ, ಕಂತಿನ ಸೌಲಭ್ಯವೂ ಇದೆಯಂತೆ.

ಈ ವ್ಯಾಪಾರ ಏನು?

ಕಂಪನಿ ಒಬ್ಬ ಹೆಸರಾಂತ ವಾದಕರ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಅವರಿಗೆ ಇಷ್ಟವಾದ ಆಕಾರ, ಬಣ್ಣ, ಪಿಕಪ್ ಹಾಕಿ, ಮೇಲೆ ಅವರ ಹೆಸರು ಬರೆದು ಮಾರುತ್ತದೆ. ಇದು ಸಿಗ್ನೇಚರ್ ಗಿಟಾರ್. ಗಿಬ್ಸನ್ ಕಂಪನಿ 1952ರಲ್ಲೇ ಲೆಸ್ ಪಾಲ್ ಹೆಸರಿನ ಗಿಟಾರ್ ತಂದಿತು. ಫೆಂಡರ್ 1988ರಲ್ಲಿ ಎರಿಕ್ ಕ್ಲಾಪ್ಟನ್ ಹೆಸರಿನ ಗಿಟಾರ್ ಬಿಟ್ಟಿತು. ಕಸ್ಟಮ್ ಎಂದರೆ ಗಿರಾಕಿ ಹೇಳಿದಂತೆ ಬಿಡಿಬಿಡಿಯಾಗಿ ಮಾಡಿಕೊಡುವುದು.

ಇದರಲ್ಲಿ ಇನ್ನೊಂದು ಆಟವೂ ಇದೆ. ಹೊಸ ಗಿಟಾರಿನ ಬಣ್ಣ ಕೆರೆದು, ತುಕ್ಕು ಹಿಡಿಸಿ, ಮೂಲೆ ಸವೆಸಿ, ‘ಹಳೆಯದರಂತಿದೆ’ ಎಂದು ಹೆಚ್ಚು ಬೆಲೆಗೆ ಮಾರುವುದು. ಹೊಸ ಟ್ರ್ಯಾಕ್ಟರಿಗೆ ಯಾರಾದರೂ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಲಕ್ಷ ರೂಪಾಯಿ ಜಾಸ್ತಿ ಕೇಳಿದರೆ ನಮ್ಮ ರೈತರು ಏನೆನ್ನುತ್ತಾರೆ?

ಆ ಹೀರೊಗಳು ಏನು ಮಾಡಿದ್ದರು?

ಸಹಿ ಮಾರುವವರು ಬಾಯಿ ಬಿಡದ ಕಥೆ ಇದು. ಅಮೆರಿಕದ ಎಡ್ಡಿ ವ್ಯಾನ್ ಹೇಲನ್ ನುಡಿಸಿದ ‘ಫ್ರಾಂಕನ್‌ಸ್ಟೈನ್’ ಗಿಟಾರಿನ ಒಡಲು 50 ಡಾಲರಿನ ದೋಷವಿದ್ದ ಮಾಲು, ಕುತ್ತಿಗೆ 80 ಡಾಲರಿನದು. ಪಿಕಪ್ ಬೇರೊಂದು ಗಿಟಾರಿನಿಂದ ಕಿತ್ತದ್ದು. ಟೇಪ್ ಅಂಟಿಸಿ, ಸೈಕಲ್ಲಿಗೆ ಹೊಡೆಯುವ ಬಣ್ಣ ಹೊಡೆದು ಪಟ್ಟೆ ಮಾಡಿದ್ದು ಸ್ವತಃ ಅವರೇ. ಬ್ರಿಜ್ ಅಲುಗದಿರಲಿ ಎಂದು ಒಂದು ಚಿಲ್ಲರೆ ನಾಣ್ಯವನ್ನೇ ಅಡಿಗೆ ಕೂರಿಸಿದರು. 2007ರಲ್ಲಿ ಕಂಪನಿ ಅದೇ ಗಿಟಾರಿನ 300 ನಕಲು ಮಾಡಿತು, ಗೀರು, ಸುಟ್ಟ ಕಲೆ, ನಾಣ್ಯ ಎಲ್ಲ ಸೇರಿಸಿ. ಒಂದರ ಬೆಲೆ 25,000 ಡಾಲರ್. ಇಂದಿನ ಲೆಕ್ಕದಲ್ಲಿ 20 ಲಕ್ಷ ರೂಪಾಯಿ ದಾಟುತ್ತದೆ.

ಕ್ಲಾಪ್ಟನ್ ಅವರ ‘ಬ್ಲ್ಯಾಕಿ’ಯದೂ ಅದೇ ಜಾತಕ. ನ್ಯಾಶ್‌ವಿಲ್ಲಿನ ಅಂಗಡಿಯಲ್ಲಿ ಅಗ್ಗಕ್ಕೆ ಹಳೆಯ ಗಿಟಾರುಗಳನ್ನು ಕೊಂಡು, ಮೂರರ ಒಳ್ಳೆಯ ಭಾಗಗಳನ್ನು ಒಂದಕ್ಕೆ ಜೋಡಿಸಿದರು. 2004ರ ಹರಾಜಿನಲ್ಲಿ ಅದು 9,59,500 ಡಾಲರಿಗೆ ಹೋಯಿತು. ಆ ಹಣ ಹಳೆಯ ಮರಕ್ಕೆ ಬಂದದ್ದಲ್ಲ, ಆ ಕೈ ವರ್ಷಗಟ್ಟಲೆ ನುಡಿಸಿದ್ದಕ್ಕೆ ಬಂದದ್ದು.

ಎಲ್ಲಕ್ಕಿಂತ ಚೆಂದದ್ದು ಇಂಗ್ಲೆಂಡಿನ ಬ್ರಯಾನ್ ಮೇ ಅವರದ್ದು. ಕೊಳ್ಳಲು ದುಡ್ಡಿರಲಿಲ್ಲ. 1963ರಲ್ಲಿ ಅಪ್ಪ ಮಗ ಸೇರಿ ಕೆಲಸ ಶುರು ಮಾಡಿದರು, ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಕುತ್ತಿಗೆಗೆ ಹಳೇ ಮನೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಸ್ಪ್ರಿಂಗಿಗೆ ಹಳೇ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಗುರುತಿನ ಚುಕ್ಕಿಗೆ ಅಮ್ಮನ ಚಿಪ್ಪಿನ ಗುಂಡಿ, ಕೈಹಿಡಿಯ ತುದಿಗೆ ಹೆಣಿಗೆ ಕಡ್ಡಿಯ ತುಂಡು. ಖರ್ಚು ಸುಮಾರು 8 ಪೌಂಡ್. ಕ್ವೀನ್ ತಂಡದ ಹಾಡುಗಳಲ್ಲಿ ಜಗತ್ತೆಲ್ಲ ಕೇಳಿದ್ದು ಇದೇ ಗಿಟಾರನ್ನು.

ಇವರು ಯಾರೂ ಇನ್ನೊಬ್ಬರ ಸಹಿ ಕೊಂಡು ದೊಡ್ಡವರಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ತಮ್ಮ ಕೈಗೆ ಹೊಂದಿಸಿಕೊಂಡರು.

‘ಸಿಗ್ನೇಚರ್‌ನಲ್ಲಿ ಮಾಲು ಚೆನ್ನಾಗಿರುತ್ತದಲ್ಲ?’

ಕೆಲವು ಸಲ ಹೌದು, ಅದನ್ನು ಅಲ್ಲಗಳೆಯುವುದಿಲ್ಲ. 1987ರಲ್ಲಿ ಐಬನೆಜ್ ಕಂಪನಿ ಸ್ಟೀವ್ ವಾಯ್ ಜೊತೆ ಸೇರಿ ಮಾಡಿದ ಜೆಮ್ ಗಿಟಾರಿನಲ್ಲಿ ನಿಜವಾಗಿಯೂ ಹೊಸ ಯೋಚನೆಗಳಿದ್ದವು. ಆದರೆ ಅದೇ ಕಂಪನಿ ಅದರ ಬಹುಪಾಲು ಗುಣಗಳನ್ನು ಹೆಸರಿಲ್ಲದ ಆರ್‌ಜಿ ಸಾಲಿನ ಗಿಟಾರುಗಳಿಗೂ ತಂದಿತು. ಕೆಲಸಕ್ಕೆ ಬರುವ ಗುಣ ಕಡಿಮೆ ಬೆಲೆಗೂ ಇಳಿದು ಬರುತ್ತದೆ, ಇಳಿಯದೆ ಮೇಲೆಯೇ ಉಳಿಯುವುದು ಹೆಸರು. ವರ್ಷಗಟ್ಟಲೆ ನುಡಿಸಿ, ತನಗೆ ಏನು ಬೇಕೆಂದು ತಿಳಿದು, ತನ್ನ ಸಂಪಾದನೆಯಲ್ಲಿ ಕಸ್ಟಮ್ ಮಾಡಿಸಿಕೊಳ್ಳುವ ಕಲಾವಿದರ ಬಗ್ಗೆ ನಮ್ಮ ತಕರಾರಿಲ್ಲ. ಮೂರು ಕಾರ್ಡ್ ಕಲಿತವರಿಗೆ ಸಹಿ ಮಾರುವವರ ಬಗ್ಗೆ ಇದೆ.

ಸಹಿ ಇಲ್ಲದ ಕೈಗಳು

ಗಿಟಾರ್ ಮಾಡಿದವರ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ಫೆಂಡರ್ ಕಾರ್ಖಾನೆಯಲ್ಲಿ ಗಿಟಾರಿನ ಕುತ್ತಿಗೆ ಕೆತ್ತುತ್ತಿದ್ದ ತಾದೆಯೊ ಗೊಮೆಜ್ ತನ್ನ ಹೆಸರಿನ ಎರಡಕ್ಷರವನ್ನು ಪೆನ್ಸಿಲ್ಲಿನಲ್ಲಿ ಗೀಚಿದ್ದು ಕುತ್ತಿಗೆಯ ಬುಡದಲ್ಲಿ, ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ದಶಕಗಳ ಕಾಲ ಪಿಕಪ್‌ಗೆ ತಂತಿ ಸುತ್ತಿದರು. ನಾವು ಕೇಳುವ ದನಿ ಹುಟ್ಟುವುದು ಆ ಸುರುಳಿಯಲ್ಲಿ.

ತಂತಿಯ ಕೆಳಗೆ ಬೆರಳು ಓಡಾಡುವ ಕಪ್ಪುಗೆಂಪು ಹಲಗೆ ಅನೇಕ ಗಿಟಾರುಗಳಲ್ಲಿ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ. 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಾಗದಪತ್ರ ಕಡ್ಡಾಯವಾದಾಗ ಗಿಟಾರ್ ಕಂಪನಿಗಳು ಗಡಿಬಿಡಿಗೆ ಬಿದ್ದವು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಲೆನಾಡಿನ ರೈತ ಮಾತ್ರ ತನ್ನ ಜಮೀನಿನ ಬೀಟೆ ಕಡಿಯಲು ಈಗಲೂ ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕು. ಬೆಲೆ ಏರುವಾಗ ಮರಕ್ಕೂ ಪಾಲಿಲ್ಲ, ಮಾಡಿದ ಕೈಗೂ ಪಾಲಿಲ್ಲ.

ಸಹಿ ಗಿಟಾರೂ ಶಾಕ್ ಹೊಡೆಯುತ್ತದೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥಿಂಗ್‌ಗೆ ಜೋಡಣೆಯಾಗಿರುತ್ತವೆ. ಅರ್ಥಿಂಗ್ ಸರಿಯಿಲ್ಲದ ಕಡೆ ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಗುಲಿದರೆ ಕರೆಂಟು ನಿಮ್ಮ ಮೈಯೊಳಗಿಂದಲೇ ಹರಿಯಬಹುದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಹೀಗೆ ಪ್ರಾಣ ಬಿಟ್ಟರು.

ನಮ್ಮೂರಿನ ಪೆಂಡಾಲುಗಳನ್ನು ನೆನೆಸಿಕೊಳ್ಳಿ. ಮೂರನೇ ಪಿನ್ ಕಿತ್ತ ಪ್ಲಗ್ಗು, ಕಂಬದಿಂದ ಎಳೆದ ವೈರು, ಮಳೆಗೆ ನೆನೆದ ನೆಲ. ಸಹಿಗೆ ಕೊಡುವ ದುಡ್ಡಿನ ಒಂದು ಚೂರಿನಲ್ಲಿ ಗಟ್ಟಿ ಮೂರು ಪಿನ್ನಿನ ಬೋರ್ಡು, ಒಂದು ಆರ್‌ಸಿಸಿಬಿ ಸ್ವಿಚ್ಚು ಬರುತ್ತವೆ. ಆ ಸ್ವಿಚ್ಚು ಕರೆಂಟು ಸೋರಿದ ಕ್ಷಣ ಲೈನು ಕಡಿಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡದೆ ನಾವು ಹತ್ತುವುದಿಲ್ಲ ಎಂದು ತಂಡದವರು ಹೇಳಿ. ಆಯೋಜಕರು ಸಿಟ್ಟಾದರೆ ಆಗಲಿ.

ದುಡ್ಡು ಎಲ್ಲಿ ಹಾಕಬೇಕು?

ಹೆಸರಿಲ್ಲದ, ಕುತ್ತಿಗೆ ನೆಟ್ಟಗಿರುವ ಗಿಟಾರ್ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಎಲ್ಲ ಫ್ರೆಟ್‌ಗಳಲ್ಲೂ ನುಡಿಸಿ ನೋಡಿ ಕೊಳ್ಳಿ. ತಿಳಿದವರ ಬಳಿ ಸೆಟಪ್ ಮಾಡಿಸಿ: ಕುತ್ತಿಗೆಯ ಬಾಗು, ತಂತಿಯ ಎತ್ತರ, ಬ್ರಿಜ್ಜಿನ ಜಾಗ ಸರಿಯಾದರೆ ಸಾಧಾರಣ ಗಿಟಾರೂ ಬೆರಳಿಗೆ ಒಗ್ಗುತ್ತದೆ. ವೀಣೆಯ ಕುದುರೆ ಸರಿ ಕೂರದಿದ್ದರೆ ಏನಾಗುತ್ತದೋ ಇಲ್ಲೂ ಅದೇ.

ಆಮೇಲೆ ತಲೆಗೆ ಸಿಕ್ಕಿಸುವ ಟ್ಯೂನರ್, ಹೆಚ್ಚುವರಿ ತಂತಿಗಳ ಒಂದು ಸೆಟ್, ಅಲೆನ್ ಕೀ, ಜಾರದ ಬೆಲ್ಟು, ದಪ್ಪ ಚೀಲ, ಹೆಡ್‌ಫೋನ್ ಹಾಕಬಹುದಾದ ಚಿಕ್ಕ ಆಂಪ್. ಮಲೆನಾಡಿನವರು ನುಡಿಸಿದ ಮೇಲೆ ತಂತಿ ಒರೆಸಿ ಚೀಲದಲ್ಲಿಡಿ, ಮಳೆಗಾಲದ ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ಕುತ್ತಿಗೆ ಬಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಮರ ಒಣಗಿ ಫ್ರೆಟ್‌ಗಳ ತುದಿ ಬೆರಳಿಗೆ ಚುಚ್ಚುತ್ತದೆ, ಹೆಂಚಿನ ಬಿಸಿ ತಾಗುವ ಅಟ್ಟದಲ್ಲಿ ಇಡಬೇಡಿ.

ಇಷ್ಟಾದ ಮೇಲೂ ದುಡ್ಡು ಉಳಿದರೆ ಗುರುಗಳಿಗೆ ಫೀಸು ಕೊಡಿ. ಮಕ್ಕಳು ಸಿಗ್ನೇಚರ್ ಗಿಟಾರೇ ಬೇಕೆಂದು ಹಟ ಹಿಡಿದರೆ ಅಪ್ಪ ಅಮ್ಮಂದಿರು ಬೈಯಬೇಡಿ, ಬ್ರಯಾನ್ ಮೇ ಮತ್ತು ಅವರಪ್ಪನ ಕಥೆ ಹೇಳಿ. ಊರಿನ ಬಡಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರೆ ಇನ್ನೂ ಒಳ್ಳೆಯದು.