ಕಾಗದ ಮೊದಲೋ, ಕಸುಬು ಮೊದಲೋ?

ಒಂದು ಕಾಲಕ್ಕೆ ಬೆರಳಚ್ಚಿನ ಶಾಲೆಗಳಿದ್ದವು. ಆಮೇಲೆ ಕಂಪ್ಯೂಟರ್ ಶಾಲೆಗಳು ಬಂದವು. ಈಗ ಮಾಹಿತಿ ಭದ್ರತೆಯ ತರಬೇತು ಕೇಂದ್ರಗಳ ಸರದಿ. ಕೆಲವೇ ವಾರಗಳ ಪಾಠ, ಲೋಕವೆಲ್ಲ ಒಪ್ಪುವ ಪ್ರಮಾಣಪತ್ರ, ಕೈತುಂಬ ಸಂಬಳ - ಇದು ಅವುಗಳ ಜಾಹೀರಾತಿನ ಧಾಟಿ. ಇದನ್ನು ನಂಬಿ ಗಿರಣಿಯಲ್ಲಿ ದುಡಿಯುವ ತಂದೆ ಪ್ರಾವಿಡೆಂಟ್ ಫಂಡಿಗೆ ಕೈ ಹಾಕುತ್ತಾನೆ. ಚಿಲ್ಲರೆ ಅಂಗಡಿಯವನು ಹೆಂಡತಿಯ ಬಳೆ ಅಡವಿಡುತ್ತಾನೆ. ಮಕ್ಕಳು ಮುಂದೆ ಬರಲೆಂಬ ಆಸೆ ತಪ್ಪಲ್ಲ. ಆದರೆ ಕೊಳ್ಳುವ ಸರಕು ಎಂಥದೆಂದು ವಿಚಾರಿಸದೆ ಹಣ ತೆರುವುದು ವ್ಯಾಪಾರಸ್ಥರಿಗೂ ಭೂಷಣವಲ್ಲ, ಕಾರ್ಮಿಕರಿಗೂ ಭೂಷಣವಲ್ಲ.

ಮೊದಲಿಗೇ ಹೇಳಿಬಿಡುತ್ತೇವೆ: ಈ ವಿದ್ಯೆಗೆ ನಾವು ವಿರೋಧಿಗಳಲ್ಲ. ಇದು ದೊಡ್ಡವರ ಸಂಗತಿ, ನಮಗೇಕೆ ಎನ್ನುವವರು ಎರಡು ಘಟನೆಗಳನ್ನು ನೆನೆಯಲಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕನ್ನ ಬಿದ್ದಿತು. ದೇಶದ ಮೂಲೆಮೂಲೆಯಿಂದ ಬಂದ ಬಡ ರೋಗಿಗಳು ಅನೇಕ ದಿನ ಕೈಬರಹದ ಚೀಟಿ ಹಿಡಿದು ಸಾಲಿನಲ್ಲಿ ನಿಂತರು. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಇಂಥದೇ ದಾಳಿ ನಡೆಯಿತು. ಹಾನಿ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನೇ ಕಡಿದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ಆ ಬ್ಯಾಂಕುಗಳಲ್ಲಿ ಖಾತೆ ಇಟ್ಟವರು ಕೋಟ್ಯಧೀಶರಲ್ಲ, ನಮ್ಮಂಥವರೇ. ಆದುದರಿಂದ ಮಾಹಿತಿಯನ್ನು ಕಾಯುವವರು ಬೇಕು, ಅವರು ನಮ್ಮ ಮಕ್ಕಳೇ ಏಕಾಗಬಾರದು?

ಈ ವಿದ್ಯೆಯ ತಿರುಳೂ ಅಷ್ಟೇನೂ ನಿಗೂಢವಲ್ಲ. ಅಂಗಡಿಯ ಲೆಕ್ಕದ ಪುಸ್ತಕವನ್ನೇ ತೆಗೆದುಕೊಳ್ಳಿರಿ. ಅದನ್ನು ಕಂಡವರೆಲ್ಲ ಓದಬಾರದು. ಅದರ ಅಂಕಿಗಳನ್ನು ಯಾರೂ ಕದ್ದು ತಿದ್ದಬಾರದು. ಬೇಕೆಂದಾಗ ಅದು ಕೈಗೆ ಸಿಗಬೇಕು. ಗೌಪ್ಯತೆ, ಯಥಾರ್ಥತೆ, ಲಭ್ಯತೆ - ಭದ್ರತಾಶಾಸ್ತ್ರವೆಲ್ಲ ಈ ಮೂರು ಕಂಬಗಳ ಮೇಲೆ ನಿಂತಿದೆ. ಲೆಕ್ಕ ಬರೆಯುವವನ ಕೈಗೇ ತಿಜೋರಿಯ ಕೀಲಿ ಕೊಡಬಾರದೆಂಬುದನ್ನು ನಮ್ಮ ವರ್ತಕರು ಯಾವ ಪರೀಕ್ಷೆಯನ್ನೂ ಕಟ್ಟದೆ ಬಲ್ಲರು. ಆ ಪರೀಕ್ಷೆಯ ಪಾಠದಲ್ಲಿಯೂ ಅದೇ ಇದೆ.

ಇನ್ನು ಪ್ರಮಾಣಪತ್ರದ ವಿಚಾರ. ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿರುವುದು ಸಿ.ಐ.ಎಸ್.ಎಸ್.ಪಿ. ಎಂಬುದು. 1989ರಲ್ಲಿ ಹುಟ್ಟಿದ ಐ.ಎಸ್.ಸಿ.-2 ಎಂಬ ಅಮೆರಿಕದ ಸಂಸ್ಥೆ ಇದನ್ನು 1994ರಿಂದ ಕೊಡುತ್ತಿದೆ. ಪಾಠಗಳು ಎಂಟು ವಿಭಾಗ: ಅಪಾಯದ ಅಂದಾಜಿನಿಂದ ಹಿಡಿದು ಜಾಲದ ರಕ್ಷಣೆ, ಯಾರಿಗೆ ಯಾವ ಪ್ರವೇಶ ಎಂಬ ಕಟ್ಟಳೆ, ತಂತ್ರಾಂಶ ರಚನೆಯ ಎಚ್ಚರಗಳವರೆಗೆ. 2024ರ ಏಪ್ರಿಲಿನಿಂದ ಪರೀಕ್ಷೆ ಮೂರು ಗಂಟೆಯದು. ಪ್ರಶ್ನೆಗಳು 100ರಿಂದ 150. ಗೆಲ್ಲಲು 1000ಕ್ಕೆ 700 ಬೇಕು. ನೀವು ಉತ್ತರಿಸಿದಂತೆ ಯಂತ್ರ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ದಾಟಿದ ಪ್ರಶ್ನೆಗೆ ಹಿಂತಿರುಗುವಂತಿಲ್ಲ. ಶುಲ್ಕ 749 ಡಾಲರು, ಅಂದರೆ 60 ಸಾವಿರ ರೂಪಾಯಿಗೂ ಮೇಲೆ. ಇದು ಪರೀಕ್ಷೆಗೆ ಮಾತ್ರ; ತರಬೇತಿನ ಹಣ ಬೇರೆ, ಪ್ರಮಾಣಪತ್ರ ಉಳಿಸಿಕೊಳ್ಳಲು ವರ್ಷ ವರ್ಷ ಕಟ್ಟುವ ಹಣ ಬೇರೆ.

ಇದಿಷ್ಟನ್ನೂ ಜಾಹೀರಾತಿನವರು ಹೇಳಿಯಾರು. ಅವರು ಸಣ್ಣ ಅಕ್ಷರದಲ್ಲಿ ಹಾಕುವ, ಇಲ್ಲವೇ ಹಾಕದೇ ಬಿಡುವ ನಿಯಮ ಒಂದುಂಟು. ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಈ ಪ್ರಮಾಣಪತ್ರ ಸಿಗುವುದಿಲ್ಲ. ಎಂಟರಲ್ಲಿ ಎರಡಾದರೂ ವಿಭಾಗಗಳಲ್ಲಿ ಐದು ವರ್ಷ ದುಡಿದ ಅನುಭವವಿರಬೇಕು. ಸಂಬಂಧಪಟ್ಟ ಪದವಿ ಇದ್ದರೆ ಒಂದು ವರ್ಷದ ರಿಯಾಯಿತಿ, ಅಷ್ಟೆ. ಅನುಭವವಿಲ್ಲದೆ ಗೆದ್ದವನಿಗೆ 'ಅಸೋಸಿಯೇಟ್' ಎಂಬ ಹೆಸರು ದೊರೆಯುತ್ತದೆ. ಬಾಕಿ ಅನುಭವ ಗಳಿಸಲು ಆರು ವರ್ಷದ ಗಡುವು.

ಇದು ಅನ್ಯಾಯವೇ? ನಮಗೆ ಹಾಗೆ ಕಾಣುವುದಿಲ್ಲ. ಮಗ್ಗದ ಮುಂದೆ ನಿಲ್ಲದೆ ಪುಸ್ತಕ ಓದಿಯೇ ಜಾಬರ್ ಆದವನನ್ನು ಯಾವ ಗಿರಣಿಯ ಕಾರ್ಮಿಕರು ಒಪ್ಪಿಯಾರು? ಅನ್ಯಾಯವಿರುವುದು ನಿಯಮದಲ್ಲಲ್ಲ, ನಿಯಮವನ್ನು ಮುಚ್ಚಿಟ್ಟು, ಐದು ವರ್ಷದ ಕಸುಬನ್ನು ಮೂರು ತಿಂಗಳಲ್ಲಿ ಮಾರುತ್ತೇವೆನ್ನುವ ವ್ಯಾಪಾರದಲ್ಲಿ. ಇನ್ನು ಕೆಲವರು 'ಗ್ಯಾರಂಟಿ ಪಾಸು' ಎಂದು ಕದ್ದ ಪ್ರಶ್ನೆಗಳ ಕಟ್ಟನ್ನು ಮಾರುತ್ತಾರೆ. ಅದನ್ನು ಕೊಂಡದ್ದು ಬಯಲಾದರೆ ಪಡೆದ ಪ್ರಮಾಣಪತ್ರವೂ ರದ್ದಾದೀತು. ಕಳ್ಳರನ್ನು ಕಾಯುವ ಕೆಲಸಕ್ಕೆ ಕಳ್ಳಮಾಲಿನಿಂದ ಪ್ರವೇಶ! ಇದಕ್ಕಿಂತ ವಿಪರ್ಯಾಸ ಬೇರೆ ಬೇಕೇ?

ಹಾಗಾದರೆ ತರಬೇತು ಬೇಡವೇ? ಬೇಕು. ಈಗಾಗಲೇ ಕೆಲಸದಲ್ಲಿದ್ದು, ಒಂದು ಮೂಲೆಯನ್ನಷ್ಟೇ ಬಲ್ಲವನಿಗೆ ಒಳ್ಳೆಯ ತರಬೇತು ಉಳಿದ ಮೂಲೆಗಳನ್ನು ತೋರಿಸಿಕೊಡುತ್ತದೆ. ಈ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳೂ ಸರಿಯೆಂಬಂತೆ ಕಾಣುತ್ತವೆ. ಸಂಸ್ಥೆಯ ಹೊಣೆ ಹೊತ್ತವನು ಯಾವುದನ್ನು ಮೊದಲು ಮಾಡಬೇಕೆಂಬ ವಿವೇಚನೆಯನ್ನು ಅಲ್ಲಿ ಪರೀಕ್ಷಿಸುತ್ತಾರೆ. ಉರುಹೊಡೆದವರು ಅಲ್ಲಿಯೇ ಮುಗ್ಗರಿಸುವುದು. ಈಗ ತಾನೇ ಕಲಿಯ ಹೊರಟವರು ಮೊದಲು ಕಂಪ್ಯೂಟರುಗಳ ಜಾಲ ಹೇಗೆ ನಡೆಯುತ್ತದೆಂಬುದನ್ನು ಕೈಯಾರೆ ಮಾಡಿ ಕಲಿಯಲಿ. ಆಮೇಲೆ, ಅನುಭವದ ಕಡ್ಡಾಯವಿಲ್ಲದ ಸೆಕ್ಯೂರಿಟಿ ಪ್ಲಸ್‌ನಂಥ ಮೊದಲ ಮೆಟ್ಟಿಲ ಪರೀಕ್ಷೆಗೆ ಕೂರಲಿ. ಒಂದು ಸಣ್ಣ ಕೆಲಸ ಹಿಡಿಯಲಿ. ದೊಡ್ಡ ಪರೀಕ್ಷೆ ಅದರ ನಂತರದ್ದು.

ಪಾಠ ಹೇಳಿ ಬಂದ ನಮಗೆ ತಿಳಿದ ಇನ್ನೊಂದು ಮಾತು: ಇತರರಿಗೆ ಕಲಿಸಿದವನೇ ಚೆನ್ನಾಗಿ ಕಲಿತವನು. ಎಂಟು ವಿಭಾಗಗಳಿಗೆ ಎಂಟು ಮಂದಿ ಯುವಕ ಯುವತಿಯರು ಕೂಡಿ ಒಂದು ಅಧ್ಯಯನ ಮಂಡಲಿ ಮಾಡಿಕೊಳ್ಳಲಿ. ಒಬ್ಬೊಬ್ಬರು ಒಂದೊಂದು ವಿಭಾಗವನ್ನು ಓದಿ ಉಳಿದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಪುಸ್ತಕಗಳನ್ನು ಪಾಲಿನಲ್ಲಿ ಕೊಳ್ಳಲಿ. ಯೂನಿಯನ್ನಿನ ಕಛೇರಿ ಸಂಜೆಯ ಹೊತ್ತು ಇದಕ್ಕೆ ತೆರೆದಿರಬಾರದೇಕೆ?

ಭಾಷೆಯ ಪ್ರಶ್ನೆಯನ್ನೂ ಎತ್ತಲೇಬೇಕು. ಸಿ.ಐ.ಎಸ್.ಎಸ್.ಪಿ. ಪರೀಕ್ಷೆಯನ್ನು ಜಪಾನಿನವನು ಜಪಾನಿಯಲ್ಲಿ, ಜರ್ಮನಿಯವನು ಜರ್ಮನಿನಲ್ಲಿ ಬರೆಯಬಹುದು. ಭಾರತದ ಒಂದು ಭಾಷೆಯೂ ಆ ಪಟ್ಟಿಯಲ್ಲಿಲ್ಲ. ಹೊರದೇಶದ ಸಂಸ್ಥೆಯನ್ನು ದೂರಿ ಫಲವೇನು? ನಮ್ಮ ಸರ್ಕಾರಗಳೇ ಕೇಳಿಲ್ಲವಾದರೆ ಅವರೇಕೆ ಕೊಟ್ಟಾರು?

ಕರ್ನಾಟಕ ಸರ್ಕಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಸೈಬರ್ ಭದ್ರತೆಯ ಕೇಂದ್ರವೊಂದನ್ನು ನಡೆಸುತ್ತಿದೆ. 2024ರಲ್ಲಿ ಸೈಬರ್ ಭದ್ರತಾ ನೀತಿಯನ್ನೂ ಪ್ರಕಟಿಸಿತು. ಸಂತೋಷ. ಆದರೆ ವಿದ್ಯೆ ಬೆಂಗಳೂರಿನಲ್ಲೇ ನಿಂತರೆ ಜಿಲ್ಲೆಯ ಹುಡುಗನಿಗೆ ಉಳಿಯುವುದು ಬೀದಿಯ ತರಬೇತು ಅಂಗಡಿಯೇ. ಆದುದರಿಂದ ನಮ್ಮ ಬೇಡಿಕೆಗಳು ಮೂರು:

1. ಜಿಲ್ಲೆಗೊಂದಾದರೂ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮಾಹಿತಿ ಭದ್ರತೆಯ ಸಂಜೆ ತರಗತಿ ನಡೆಯಬೇಕು, ವಿವರಣೆ ಕನ್ನಡದಲ್ಲಿರಬೇಕು.

2. ಕಲಿತವರನ್ನು ಜಿಲ್ಲಾ ಆಸ್ಪತ್ರೆ, ನಗರಸಭೆ, ಸಹಕಾರಿ ಬ್ಯಾಂಕುಗಳಲ್ಲಿ ಸಂಬಳ ಕೊಟ್ಟು ಅಪ್ರೆಂಟಿಸರನ್ನಾಗಿ ತೆಗೆದುಕೊಳ್ಳಬೇಕು. ಆ ಸಂಸ್ಥೆಗಳಿಗೆ ಕಾವಲೂ ಸಿಕ್ಕೀತು, ಬಡವರ ಮಕ್ಕಳಿಗೆ ಅನುಭವದ ವರ್ಷಗಳೂ ಸಿಕ್ಕಾವು.

3. ಪರೀಕ್ಷೆಯ ಶುಲ್ಕ, ಅನುಭವದ ನಿಯಮ, ವರ್ಷದ ಖರ್ಚು ಇವನ್ನು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು ಕೊಡದೆ ಯಾವ ತರಬೇತು ಕೇಂದ್ರವೂ ಹಣ ಪಡೆಯದಂತೆ ಕಟ್ಟುಮಾಡಬೇಕು.

ಇವು ಈಡೇರುವ ತನಕ ಓದುಗರಿಗೆ ನಮ್ಮ ಸೂಚನೆ ಇಷ್ಟೇ. ತರಬೇತು ಕೇಂದ್ರದ ಬಾಗಿಲಲ್ಲಿ ಮೂರು ಪ್ರಶ್ನೆ ಕೇಳಿರಿ: ಈ ಪರೀಕ್ಷೆಗೆ ಅನುಭವ ಬೇಕೇ? ಒಟ್ಟು ಖರ್ಚೆಷ್ಟು? ಪಾಠ ಹೇಳುವವರು ಈ ಕಸುಬನ್ನು ಎಲ್ಲಿ ಮಾಡಿದ್ದಾರೆ? ನೇರ ಉತ್ತರ ಬಾರದಿದ್ದರೆ ಹಣದ ಚೀಲದ ಬಾಯಿ ಕಟ್ಟಿ ಮನೆಗೆ ಬನ್ನಿರಿ. ಕಸುಬಿಲ್ಲದ ಕಾಗದಕ್ಕಾಗಿ ಸಾಲ ಮಾಡಬೇಡಿರಿ. ಕಸುಬು ಕಲಿಸುವ ಶಾಲೆಗಾಗಿ ಒಟ್ಟಾಗಿ ಕೇಳಿರಿ.