ಪರದೆ ಸಾಲದು, ಬಾಗಿಲು ಬೇಕು

ನಮ್ಮ ಅತ್ತೆಗೆ ಎಪ್ಪತ್ತೆರಡು ವರ್ಷ. ಕಳೆದ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಜೊತೆಗೆ ಮೂತ್ರಕ್ಕೆ ಹೋದಾಗಲೆಲ್ಲ ಉರಿ. ವೈದ್ಯರ ಬಳಿ ಕರೆದುಕೊಂಡು ಹೋದೆ. "ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಜ್ಜಿ?" ಎಂದು ಅವರು ಕೇಳಿದರು. ಅತ್ತೆ ತಲೆ ತಗ್ಗಿಸಿದರೇ ಹೊರತು ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಮಗಳ ಹತ್ತಿರ ಮೆಲ್ಲಗೆ ಹೇಳಿದರಂತೆ: "ಹಗಲಲ್ಲಿ ನೀರು ಕುಡಿದರೆ ಹಗಲಲ್ಲೇ ಹೋಗಬೇಕಾಗುತ್ತೆ ಬೇಟಿ. ಆ ಪರದೆ ಗಾಳಿಗೆ ಹಾರುತ್ತೆ."

ನಮ್ಮ ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ ಒಂದೇ ಕೋಣೆಯಲ್ಲಿವೆ. ಹಳೆಯ ಬಾಗಿಲಿನ ಕೆಳಭಾಗ ನೀರು ಬಿದ್ದು ಬಿದ್ದು ಕೊಳೆತಿತ್ತು. ಅದನ್ನು ಕಿತ್ತು ಹಾಕಿ, "ಎರಡು ದಿನದಲ್ಲಿ ಹೊಸದು ಬರುತ್ತೆ" ಎಂದು ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದ್ದೆವು. ಆ ಎರಡು ದಿನ ಎಂಟು ತಿಂಗಳಾಯಿತು. ಆ ಎಂಟು ತಿಂಗಳೂ ಒಬ್ಬ ಮುದುಕಿ ನಮ್ಮ ಕಣ್ಣೆದುರೇ ಬಾಯಾರಿಕೆ ತಡೆದುಕೊಂಡು ಕೂತಿದ್ದರು. ನನಗೆ ಗೊತ್ತೇ ಆಗಲಿಲ್ಲ.

ತಡ ಏಕಾಯಿತು? ಬೂದಿಕೋಟೆಯಲ್ಲಿ ಮರಗೆಲಸ ಬಲ್ಲವರಿಲ್ಲ ಎಂದಲ್ಲ. 2001ರ ಫೆಬ್ರವರಿಯಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ದುಡಿಯುವ ಕೈಗಳಲ್ಲಿ ಬಹಳಷ್ಟು ಬೆಂಗಳೂರಿನ ದಾರಿ ಹಿಡಿದಿವೆ. ಮಾರಿಕುಪ್ಪಂನಲ್ಲಿ, ಬಂಗಾರಪೇಟೆಯಲ್ಲಿ ನಸುಕಿಗೇ ರೈಲು ಹತ್ತಿದವರು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ನಮ್ಮವರೂ ಹಾಗೆಯೇ, ನಮ್ಮ ಬೀದಿಯ ಬಡಗಿ ಆಚಾರ್ರೂ ಹಾಗೆಯೇ. ಭಾನುವಾರ ಬಂದರೆ ಇಬ್ಬರಿಗೂ ಸುಸ್ತು. "ಮುಂದಿನ ವಾರ ನೋಡೋಣ" ಎಂಬ ಮಾತು ಯಾರ ತಪ್ಪೂ ಅಲ್ಲದೆ ಬೆಳೆಯುತ್ತಾ ಹೋಯಿತು.

ಆ ರಾತ್ರಿ ಮಗಳು, "ನಾವೇ ಹಾಕಿದರೆ ಏನಮ್ಮೀ?" ಎಂದಳು. ನನಗೆ ನಗು ಬಂತು. ಆಮೇಲೆ ಯೋಚಿಸಿದೆ. ಇದೇ ಬೂದಿಕೋಟೆಯಲ್ಲಿ 2003ರಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಆರಂಭವಾದಾಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈಕು ಹಿಡಿದು ಕಾರ್ಯಕ್ರಮ ಮಾಡಿದ್ದರು. ಕೇಬಲ್ ಮೂಲಕ ಅದು ಮನೆಮನೆಗೆ ಕೇಳಿಸುತ್ತಿತ್ತು. ಮೈಕು ಕಲಿತ ಊರಿನಲ್ಲಿ ಸ್ಕ್ರೂ ಡ್ರೈವರ್ ಏನು ಮಹಾ?

ಬಾಗಿಲು ಒಂದು ಹಕ್ಕು

ಸಹೋದರಿಯರೇ, ನಮ್ಮ ದೀನ್‌ನಲ್ಲಿ ಬಾಗಿಲಿಗೆ ದೊಡ್ಡ ಸ್ಥಾನವಿದೆ. ಇತರರ ಮನೆಗೆ ಹೋದಾಗ ಅನುಮತಿ ಕೇಳಿ ಸಲಾಂ ಹೇಳದೆ ಒಳಗೆ ಹೋಗಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ಅದೇ ಅಧ್ಯಾಯದಲ್ಲಿ ಮನೆಯೊಳಗಿನ ಖಾಸಗಿತನದ ಮಾತೂ ಇದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾದ ನಂತರ — ಈ ಮೂರು ಹೊತ್ತಿನಲ್ಲಿ ಮನೆಯ ಮಕ್ಕಳೂ ಅಪ್ಪಣೆ ಕೇಳಿಯೇ ಬರಬೇಕು. ಪ್ರವಾದಿವರ್ಯರು(ಸ) ಯಾರದಾದರೂ ಮನೆಗೆ ಹೋದರೆ ಬಾಗಿಲಿಗೆ ನೇರವಾಗಿ ನಿಲ್ಲದೆ ಬಲಕ್ಕೋ ಎಡಕ್ಕೋ ಸರಿದು ನಿಲ್ಲುತ್ತಿದ್ದರೆಂದು ಹದೀಸ್‌ನಲ್ಲಿದೆ. ಅಂದಿನ ಬಾಗಿಲುಗಳಿಗೆ ಪರದೆ ಇರಲಿಲ್ಲ. ಆದ್ದರಿಂದ ಕಣ್ಣು ಒಳಗೆ ಬೀಳದಿರಲೆಂದು ಈ ಎಚ್ಚರ.

ಹೊರಗೆ ಹೊರಡುವಾಗ ಪರ್ದಾದ ಬಗ್ಗೆ ಅಷ್ಟು ಕಾಳಜಿ ವಹಿಸುವ ನಾವು ಮನೆಯ ಬಚ್ಚಲಿಗೆ ಬಾಗಿಲಿಲ್ಲದಿರುವುದನ್ನು ಸಹಿಸಿಕೊಳ್ಳುತ್ತೇವೆ. ಇದು ಸರಿಯೇ? ಇನ್ನು, ಇದು ಹೆಂಗಸರ ಕೆಲಸವೇ ಎಂದು ಕೇಳುವವರಿಗೆ ಒಂದು ಮಾತು. ಪ್ರವಾದಿವರ್ಯರು(ಸ) ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆ ಹೊಲಿದುಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮನೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಗೆರೆ ಅವರು ಎಳೆದಿರಲಿಲ್ಲ.

ಮೊದಲು ಅಳತೆ

ಚೌಕಟ್ಟಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಅಳತೆಗಳು ಒಂದೇ ಬರದಿದ್ದರೆ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಬಾಗಿಲು ಎರಡು ಬದಿಗೂ ಮೇಲಕ್ಕೂ 3 ಮಿಲಿಮೀಟರ್ ಸಂದು ಬಿಡುವಂತಿರಬೇಕು. ಎರಡು ಒಂದು ರೂಪಾಯಿ ನಾಣ್ಯಗಳನ್ನು ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಬಚ್ಚಲಾದರೆ ಕೆಳಗೆ 10ರಿಂದ 12 ಮಿಲಿಮೀಟರ್ ಬಿಡಿ, ನೀರು ತಾಗಬಾರದು.

ಕೀಲು ಕೂರಿಸುವ ಬದಿಯ ಕಂಬ ನೇರವಾಗಿದೆಯೇ ನೋಡಬೇಕು. ಗಾರೆಯವರ ತೂಗುಗುಂಡು ಇಲ್ಲದಿದ್ದರೆ ದಾರದ ತುದಿಗೆ ಒಂದು ಬೀಗ ಕಟ್ಟಿ ಮೇಲಿನಿಂದ ಇಳಿಬಿಡಿ. ದಾರಕ್ಕೂ ಕಂಬಕ್ಕೂ ನಡುವಿನ ಅಂತರ ಮೇಲಿನಿಂದ ಕೆಳಗಿನವರೆಗೆ ಒಂದೇ ಇದ್ದರೆ ಸರಿ. ಚೌಕಟ್ಟು ಕಲ್ಲಿನದಾದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ಬಲ್ಲವರನ್ನೇ ಕರೆಸಿ.

ಬಾಗಿಲು ಯಾವ ಕಡೆಗೆ ತೆರೆಯಬೇಕೆಂಬುದನ್ನು ಈಗಲೇ ತೀರ್ಮಾನಿಸಿ. ವಯಸ್ಸಾದವರಿರುವ ಮನೆಯಲ್ಲಿ ಬಚ್ಚಲ ಬಾಗಿಲು ಹೊರಗೆ ತೆರೆಯುವುದೇ ಕ್ಷೇಮ. ಒಳಗೆ ಯಾರಾದರೂ ಜಾರಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ದೂಡಿದರೆ ಅವರಿಗೇ ಪೆಟ್ಟು. ನಮ್ಮ ಚೌಕಟ್ಟಿನ ಕಚ್ಚು ಅದೃಷ್ಟಕ್ಕೆ ಹೊರಮುಖದಲ್ಲೇ ಇತ್ತು.

ಬೇಕಾಗುವ ಸಾಮಾನು

ನೀರು ತಡೆಯುವ ಫ್ಲಶ್ ಡೋರ್ ಒಂದು. 4 ಇಂಚಿನ ಸ್ಟೀಲ್ ಕೀಲು ಮೂರು, ಅಂಗಡಿಯಲ್ಲಿ ಹಿಂಜಸ್ ಎಂದು ಕೇಳಿ. ಅದಕ್ಕೆ ಹೊಂದುವ ಸ್ಟೀಲ್ ಸ್ಕ್ರೂಗಳು. ಉಳಿ, ಸುತ್ತಿಗೆ, ಸ್ಕ್ರೂ ಡ್ರೈವರ್. ತೂತು ಕೊರೆಯಲು ಬೈರಿಗೆ ಅಥವಾ ಡ್ರಿಲ್. ಪೆನ್ಸಿಲ್, ಟೇಪು, ನಾಲ್ಕು ಮರದ ಬೆಣೆ. ಬಚ್ಚಲಿಗೆ ಸಾದಾ ಕಬ್ಬಿಣದ ಕೀಲು ಬೇಡ, ಬೇಗ ತುಕ್ಕು ಹಿಡಿಯುತ್ತದೆ. ಉಳಿ, ಸುತ್ತಿಗೆಯನ್ನು ಆಚಾರ್ರ ಮನೆಯಾಕೆ ಕೊಟ್ಟರು. ರಾತ್ರಿ ಆಚಾರ್ರು ಫೋನಿನಲ್ಲಿ ಕೆಲಸದ ಕ್ರಮ ಹೇಳಿಕೊಟ್ಟರು.

ಕೂರಿಸುವ ಕ್ರಮ

1. ಬಾಗಿಲಿನ ನಾಲ್ಕೂ ಅಂಚಿಗೆ, ಮುಖ್ಯವಾಗಿ ಅಡಿ ಅಂಚಿಗೆ, ಎರಡು ಸಲ ಬಣ್ಣ ಬಳಿದು ಒಣಗಿಸಿ. ಕೂರಿಸಿದ ಮೇಲೆ ಅಡಿಗೆ ಕುಂಚ ಹೋಗುವುದಿಲ್ಲ. ನಮ್ಮ ಹಳೆಯ ಬಾಗಿಲು ಕೊಳೆತದ್ದು ಅಲ್ಲಿಂದಲೇ.

2. ಮೇಲಿನ ಕೀಲು ಮೇಲಂಚಿನಿಂದ 6–7 ಇಂಚು ಕೆಳಗೆ, ಕೆಳಗಿನ ಕೀಲು ಅಡಿಯಿಂದ 9–10 ಇಂಚು ಮೇಲೆ, ಮೂರನೆಯದು ಇವೆರಡರ ನಡುವೆ. ಬಾಗಿಲಿನ ಭಾರ ಮೇಲಿನ ಕೀಲನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದ್ದರಿಂದ ಮೇಲಿನ ಕೀಲನ್ನು ಗಟ್ಟಿಯಾಗಿ ಕೂರಿಸುವುದೇ ಮುಖ್ಯ.

3. ಕೀಲನ್ನು ಬಾಗಿಲಿನ ದಪ್ಪದ ಮೇಲಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕೀಲಿನ ಗಂಟು ಬಾಗಿಲು ತೆರೆಯುವ ಕಡೆಗೆ ಇರಲಿ. ಗೆರೆಯೊಳಗಿನ ಮರವನ್ನು ಉಳಿಯಿಂದ ತೆಳ್ಳಗೆ ಕೆತ್ತಿ ತೆಗೆಯಿರಿ. ಕೀಲಿನ ತಗಡು ಎಷ್ಟು ದಪ್ಪವೋ ಅಷ್ಟೇ ಆಳ. ಉಳಿಯ ಮುಂದೆ ಎಂದೂ ಕೈ ಇಡಬೇಡಿ.

4. ಸ್ಕ್ರೂವಿಗಿಂತ ಸಣ್ಣ ತೂತನ್ನು ಮೊದಲೇ ಕೊರೆಯಿರಿ. ಇಲ್ಲದಿದ್ದರೆ ಮರ ಸೀಳುತ್ತದೆ. ಸ್ಕ್ರೂವಿಗೆ ಸ್ವಲ್ಪ ಸಾಬೂನು ಸವರಿದರೆ ಸಲೀಸಾಗಿ ಇಳಿಯುತ್ತದೆ. ಮೂರೂ ಕೀಲುಗಳನ್ನು ಬಾಗಿಲಿಗೆ ಬಿಗಿಯಿರಿ.

5. ಬಾಗಿಲನ್ನು ಚೌಕಟ್ಟಿನಲ್ಲಿ ಮುಚ್ಚಿದಂತೆ ನಿಲ್ಲಿಸಿ. ಅಡಿಗೆ ಬೆಣೆ ತಳ್ಳಿ ಬೇಕಾದಷ್ಟು ಎತ್ತರಿಸಿ. ಕೀಲುಗಳ ಜಾಗವನ್ನು ಕಂಬದ ಮೇಲೆ ಗುರುತು ಮಾಡಿ, ಬಾಗಿಲು ತೆಗೆದಿಟ್ಟು, ಅಲ್ಲೂ ಅದೇ ಆಳಕ್ಕೆ ಕೆತ್ತಿ.

6. ಈಗ ಬಾಗಿಲನ್ನು ತೆರೆದ ಸ್ಥಿತಿಯಲ್ಲಿ ಬೆಣೆಗಳ ಮೇಲೆ ನಿಲ್ಲಿಸಿ. ಇದಕ್ಕೆ ಇಬ್ಬರು ಬೇಕೇ ಬೇಕು. ಬಾಗಿಲು ಒಂದು ಅಕ್ಕಿ ಮೂಟೆಯಷ್ಟು ಭಾರವಿರುತ್ತದೆ. ಚಿಕ್ಕ ಮಕ್ಕಳನ್ನು ದೂರ ಕಳಿಸಿ. ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಪ್ರತಿ ಕೀಲಿಗೆ ಒಂದೊಂದೇ ಸ್ಕ್ರೂ ಹಾಕಲಿ, ಮೇಲಿನದಕ್ಕೆ ಮೊದಲು. ನಿಧಾನವಾಗಿ ಮುಚ್ಚಿ ತೆರೆದು ನೋಡಿ. ಸರಿಯಿದ್ದರೆ ಉಳಿದ ಸ್ಕ್ರೂಗಳನ್ನು ಬಿಗಿಯಿರಿ.

7. ಕೊನೆಗೆ ಚಿಲಕ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆರೆಯಬಹುದಾದ ಚಿಲಕ ಸಿಗುತ್ತದೆ. ವೃದ್ಧರು, ಮಕ್ಕಳು ಇರುವ ಮನೆಗೆ ಅದೇ ಒಳ್ಳೆಯದು.

ಎಡವಟ್ಟಾದರೆ

ನಮ್ಮದೂ ಮೊದಲ ಸಲಕ್ಕೆ ಸರಿಯಾಗಲಿಲ್ಲ. ಹುರುಪಿನಲ್ಲಿ ನಾನು ಕೆಳಗಿನ ಕೀಲಿನ ಜಾಗವನ್ನು ಹೆಚ್ಚು ಆಳ ಕೆತ್ತಿಬಿಟ್ಟಿದ್ದೆ. ಬಾಗಿಲಿನ ಚಿಲಕದ ಕಡೆಯ ಮೇಲ್ಮೂಲೆ ಚೌಕಟ್ಟಿಗೆ ಉಜ್ಜತೊಡಗಿತು. ಮಗಳು ಮಿಠಾಯಿ ಡಬ್ಬಿಯ ರಟ್ಟನ್ನು ಕತ್ತರಿಸಿ ಆ ಕೀಲಿನ ಹಿಂದೆ ಇಟ್ಟಳು. ಬಾಗಿಲು ನೆಟ್ಟಗಾಯಿತು. ಬಚ್ಚಲಿನ ತೇವಕ್ಕೆ ರಟ್ಟು ಬಾಳದೆಂದು ಮರುದಿನ ಅದರ ಬದಲು ಪ್ಲಾಸ್ಟಿಕ್ ತುಂಡು ಇಟ್ಟೆವು.

ಹಳೆಯ ಬಾಗಿಲಿನ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಅದನ್ನು ತೆಗೆದು, ಬೆಂಕಿಕಡ್ಡಿಗಳಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಮದ್ದಿನ ತುದಿ ಮುರಿದು ಹಾಕಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿದರೆ ಕೂಡಲೇ ಕೆತ್ತಬೇಡಿ. ಮೊದಲು ಮೇಲಿನ ಕೀಲು ಸಡಿಲವಾಗಿದೆಯೇ ನೋಡಿ. ಬಹಳ ಸಲ ತೊಂದರೆ ಅಲ್ಲೇ ಇರುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿದ್ದರೆ ಕಂಬ ವಾಲಿದೆ ಎಂದರ್ಥ.

ಝುಹರ್ ನಮಾಝ್ ಮುಗಿಸಿ ಶುರುಮಾಡಿದ ಕೆಲಸ ಮಗ್ರಿಬ್‌ನ ಅಝಾನ್ ಹೊತ್ತಿಗೆ ಮುಗಿಯಿತು. ಆಚಾರ್ರಿಗೆ ಒಂದೂವರೆ ಗಂಟೆಯ ಕೆಲಸ ಅದು. ರಾತ್ರಿ ಅವರು ಬಂದು ಬಾಗಿಲನ್ನು ಎರಡು ಸಲ ಆಡಿಸಿ ನೋಡಿ, "ಕೆತ್ತನೆ ಒರಟು, ಆದರೆ ಕೂತದ್ದು ಸರಿಯಾಗಿದೆ" ಎಂದರು. ನಮ್ಮವರು ಮಾತಾಡಲಿಲ್ಲ. ಅಮ್ಮನ ಪಕ್ಕ ಬಹಳ ಹೊತ್ತು ಕೂತಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ತಾವಾಗಿಯೇ ಚೊಂಬು ಹಿಡಿದು ಅಡುಗೆಮನೆಗೆ ಬಂದು, "ನೀರು ಕೊಡಮ್ಮ" ಎಂದರು. ತುಂಬಿಸಿ ಕೊಟ್ಟೆ. ಪೂರ್ತಿ ಕುಡಿದರು.

ನಿಮ್ಮ ಮನೆಯ ಹಿರಿಯರು, ಬೆಳೆಯುತ್ತಿರುವ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾರದ ಇಂಥ ಸಂಕಟಗಳಿರಬಹುದು. ಇಂದೇ ಒಮ್ಮೆ ಮನೆಯ ಬಾಗಿಲುಗಳನ್ನೆಲ್ಲ ನೋಡಿ ಬನ್ನಿ. ಎಲ್ಲಿ ಚಿಲಕ ಕೂರುತ್ತಿಲ್ಲ, ಎಲ್ಲಿ ಸಂದು ಬಿಟ್ಟಿದೆ, ಎಲ್ಲಿ ಸೀರೆಯೇ ಬಾಗಿಲಾಗಿದೆ ಎಂದು ಗಮನಿಸಿ. ಯಾರ ಭಾನುವಾರಕ್ಕೂ ಕಾಯಬೇಡಿ. ಬಿಸ್ಮಿಲ್ಲಾಹ್ ಎಂದು ಆರಂಭಿಸಿ, ಇನ್ಶಾ ಅಲ್ಲಾಹ್ ಸಂಜೆಯೊಳಗೆ ಮುಗಿಯುತ್ತದೆ. ಹೊಸ ಬಾಗಿಲು ಬಂದ ಮೇಲೆ ಅದನ್ನು ತಟ್ಟಿ ಕೇಳುವ ಅಭ್ಯಾಸವನ್ನೂ ಮನೆಯ ಮಕ್ಕಳಿಗೆ ಕಲಿಸಿ.